ವ್ಯಾಂಕೂವರ್‌ನಲ್ಲಿ ಹತ್ತಿ ವಿಟ್ಟಿಯರ್‌ನಲ್ಲಿ ಇಳಿಯುವ ಹಡಗಿಗೆ ವಿಮಾನದ ಟಿಕೆಟ್: ಒಂದು ಕುಟುಂಬದ ಪ್ರಕರಣ

ಅಲಾಸ್ಕಾ ಕ್ರೂಸ್‌ಗಳಲ್ಲಿ ಎರಡು ಬಗೆ. ಸಿಯಾಟಲ್‌ನಿಂದಲೋ ವ್ಯಾಂಕೂವರ್‌ನಿಂದಲೋ ಹೊರಟು ಅಲ್ಲಿಗೇ ವಾಪಸ್ ಬರುವುದು ಒಂದು. ವ್ಯಾಂಕೂವರ್‌ನಲ್ಲಿ ಹತ್ತಿಸಿಕೊಂಡು, ಏಳು ರಾತ್ರಿ ಕಳೆದ ಮೇಲೆ ಉತ್ತರದ ವಿಟ್ಟಿಯರ್‌ನಲ್ಲೋ ಸೀವರ್ಡ್‌ನಲ್ಲೋ ಇಳಿಸಿಬಿಡುವುದು ಇನ್ನೊಂದು. ಎರಡನೆಯ ಬಗೆಯ ಹಡಗಿಗೆ ಹೊರಟ ಜಾಗಕ್ಕೇ ತಿರುಗಿ ಬರುವ ಗಡಿಬಿಡಿ ಇಲ್ಲ. ಅದಕ್ಕೇ ಅದು ಇನ್ನೂ ಮೇಲಕ್ಕೆ ಹೋಗುತ್ತದೆ. ಗ್ಲೇಸಿಯರ್ ಬೇ ಜೊತೆಗೆ ಕಾಲೇಜ್ ಫ್ಯೋರ್ಡ್ ಅಥವಾ ಹಬ್ಬರ್ಡ್ ಹಿಮನದಿಯನ್ನೂ ತೋರಿಸುತ್ತದೆ. ಅಷ್ಟು ದೂರ ಹೋಗುವವರು ಇದನ್ನೇ ಆರಿಸಿಕೊಂಡರೆ ಒಳ್ಳೆಯದು ಅನ್ನುವವನು ನಾನು. ಆದರೆ ಇಲ್ಲಿ ವಿಮಾನದ ಟಿಕೆಟ್ ಸುಲಭಕ್ಕೆ ಕೂಡಿ ಬರುವುದಿಲ್ಲ. ಹೋಗುವ ಊರು ಕೆನಡಾದಲ್ಲಿ, ಬರುವ ಊರು ಅಮೆರಿಕದ ಅಲಾಸ್ಕಾದಲ್ಲಿ.

2025ರ ಜುಲೈನಲ್ಲಿ ನಮ್ಮ ಮನೆಯ ಐದು ಜನ ಈ ದಾರಿಯಲ್ಲಿ ಹೋಗಿಬಂದರು. ಟಿಕೆಟ್ ನೋಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬೆಂಗಳೂರು, ಮೈಸೂರಿನಿಂದ ಮಕ್ಕಳ ಮನೆಗೆ ಅಮೆರಿಕಕ್ಕೆ ಹೋಗುವ ಅಪ್ಪ-ಅಮ್ಮಂದಿರನ್ನು ಇಂಥ ಹಡಗು ಹತ್ತಿಸುವ ಮನೆಗಳು ಈಗ ಬೇಕಾದಷ್ಟಿವೆ. ಅವರಿಗೆ ಉಪಯೋಗ ಆಗಲಿ ಅಂತ ಇಡೀ ಲೆಕ್ಕಾಚಾರವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಯಾರು, ಎಲ್ಲಿಂದ

ಅಕ್ಕ, ಭಾವ, ಅವರ ಏಳು ವರ್ಷದ ಮಗಳು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದಾರೆ. ಅಕ್ಕ-ಭಾವನಿಗೆ ಗ್ರೀನ್ ಕಾರ್ಡ್ ಇದೆ, ಮಗು ಅಮೆರಿಕದ ಪ್ರಜೆ. ಅಪ್ಪ-ಅಮ್ಮ ಮೈಸೂರಿನವರು. ಇಬ್ಬರ ಪಾಸ್‌ಪೋರ್ಟಿನಲ್ಲೂ ಹತ್ತು ವರ್ಷದ ಅಮೆರಿಕ ವಿಸಿಟರ್ ವೀಸಾ ಇದೆ. ಅಮ್ಮನಿಗೆ ಮಂಡಿ ನೋವು. ನಡೆಯುತ್ತಾರೆ, ಆದರೆ ವಿಮಾನ ನಿಲ್ದಾಣದ ಉದ್ದದ ಓಣಿಗಳಲ್ಲಿ ವೀಲ್‌ಚೇರ್ ಬೇಕೇ ಬೇಕು.

ಹಡಗಿನ ಕೋಣೆಗಳನ್ನು ಅಕ್ಕ ಒಂದು ವರ್ಷಕ್ಕೂ ಮುಂಚೆಯೇ ಹಿಡಿದಿದ್ದಳು. ಲಿಫ್ಟ್ ಹತ್ತಿರ, ಪಕ್ಕ ಪಕ್ಕದ ಎರಡು ಕೋಣೆ ಬೇಕಿತ್ತು. ಶಾಲೆಯ ರಜೆಯೊಳಗೆ ಅದು ಸಿಕ್ಕಿದ್ದು ಉತ್ತರಕ್ಕೆ ಹೋಗುವ ಒಂದೇ ಒಂದು ಹಡಗಿನಲ್ಲಿ. ಆಗಿನ್ನೂ ವಿಮಾನದ ಟಿಕೆಟ್ ಮಾರಾಟಕ್ಕೇ ಬಂದಿರಲಿಲ್ಲ. ಹೆಚ್ಚಿನ ವಿಮಾನ ಕಂಪನಿಗಳು ಹೊರಡುವ ದಿನಕ್ಕೆ ಸುಮಾರು 330 ದಿನ ಇರುವಾಗ ಟಿಕೆಟ್ ಬಿಡುತ್ತವೆ. ಹಡಗಿನವರು ಅದಕ್ಕಿಂತ ಎಷ್ಟೋ ಮುಂಚೆ. ಹಾಗಾಗಿ ಇಂಥ ಪ್ರವಾಸದಲ್ಲಿ ಹಡಗೇ ಮೊದಲು ಗಟ್ಟಿಯಾಗುತ್ತದೆ, ವಿಮಾನ ಅದಕ್ಕೆ ಹೊಂದಿಕೊಳ್ಳಬೇಕಾಗುತ್ತದೆ.

ಅಪ್ಪ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ: "ಬೆಂಗಳೂರಿಂದ ಸೀದಾ ವ್ಯಾಂಕೂವರ್‌ಗೆ ಹೋಗಿ, ಆ ಕಡೆಯಿಂದ ಸೀದಾ ಮನೆಗೆ ಬರಕ್ಕಾಗಲ್ವೇನೋ? ಒಂದೇ ಟಿಕೆಟ್ ಸಾಕಲ್ವಾ?"

ಕೇಳಬೇಕಾದ ಪ್ರಶ್ನೆಯೇ ಅದು. ಉತ್ತರ ಹೇಳುವ ಮೊದಲು ಒಂದು ಹಳೆಯ ಕಾನೂನು ನೋಡಬೇಕು.

1886ರ ಕಾನೂನು ಟಿಕೆಟ್ಟಿಗೆ ಏನು ಮಾಡುತ್ತದೆ

ಅಮೆರಿಕದಲ್ಲಿ 1886ರಲ್ಲಿ ಬಂದ ಪ್ಯಾಸೆಂಜರ್ ವೆಸೆಲ್ ಸರ್ವೀಸಸ್ ಆ್ಯಕ್ಟ್ ಇನ್ನೂ ಜಾರಿಯಲ್ಲಿದೆ. ಬೇರೆ ದೇಶದಲ್ಲಿ ನೋಂದಣಿಯಾದ ಹಡಗು ಒಬ್ಬ ಪ್ರಯಾಣಿಕನನ್ನು ಅಮೆರಿಕದ ಒಂದು ಬಂದರಿನಲ್ಲಿ ಹತ್ತಿಸಿಕೊಂಡು, ಅಮೆರಿಕದ ಇನ್ನೊಂದು ಬಂದರಿನಲ್ಲಿ ಇಳಿಸುವ ಹಾಗಿಲ್ಲ. ನಡುವೆ ದೂರದ ವಿದೇಶಿ ಬಂದರು ಒಂದಕ್ಕೆ ಹೋಗಿದ್ದರೆ ಮಾತ್ರ ಸರಿ. ಕೆನಡಾ ಆ 'ದೂರದ' ಲೆಕ್ಕಕ್ಕೆ ಬರುವುದಿಲ್ಲ. ದೊಡ್ಡ ಕ್ರೂಸ್ ಹಡಗುಗಳೆಲ್ಲ ಹೆಚ್ಚುಕಡಿಮೆ ಬರ್ಮುಡಾ, ಬಹಾಮಾಸ್, ಪನಾಮಾ ಹೀಗೆ ಬೇರೆ ಬಾವುಟದವು. ಹವಾಯಿ ದ್ವೀಪಗಳ ಸುತ್ತ ಓಡಾಡುವ 'ಪ್ರೈಡ್ ಆಫ್ ಅಮೆರಿಕ' ಮಾತ್ರ ಅಮೆರಿಕದ ಬಾವುಟದ ದೊಡ್ಡ ಹಡಗು.

ಒಂದೇ ಕಡೆ ಹೋಗುವ ಅಲಾಸ್ಕಾ ಹಡಗು ಸಿಯಾಟಲ್‌ನಿಂದ ಹೊರಡದೆ ವ್ಯಾಂಕೂವರ್‌ನಿಂದ ಹೊರಡುವುದು ಇದಕ್ಕೇ. ಇದು ಎಷ್ಟೋ ಜನರಿಗೆ ಗೊತ್ತು. ಟಿಕೆಟ್ ತೆಗೆಯುವವರು ಇನ್ನೂ ಒಂದು ಹೆಜ್ಜೆ ಮುಂದೆ ಯೋಚಿಸಬೇಕು. ವಿಮಾನ ತಡವಾಗಿ ವ್ಯಾಂಕೂವರ್‌ನಲ್ಲಿ ಹಡಗು ತಪ್ಪಿತು ಅಂದುಕೊಳ್ಳಿ. ಮೆಡಿಟರೇನಿಯನ್ ಸಮುದ್ರದ ಕ್ರೂಸ್ ಆಗಿದ್ದರೆ ಮುಂದಿನ ಬಂದರಿಗೆ ಹಾರಿ ಹಿಡಿದುಕೊಳ್ಳಬಹುದಿತ್ತು. ಇಲ್ಲಿ ಮುಂದಿನ ಬಂದರು ಕೆಚಿಕನ್ ಅಥವಾ ಜೂನೋ. ಎರಡೂ ಅಮೆರಿಕದವು. ಕೆಚಿಕನ್‌ನಲ್ಲಿ ಹತ್ತಿ ವಿಟ್ಟಿಯರ್‌ನಲ್ಲಿ ಇಳಿದರೆ ಅದು ಅಮೆರಿಕದಿಂದ ಅಮೆರಿಕಕ್ಕೆ ಆದ ಪ್ರಯಾಣ. ಕಾನೂನಿಗೆ ವಿರುದ್ಧ. ಹಡಗಿನವರಿಗೆ ಮನಸ್ಸಿದ್ದರೂ ಹತ್ತಿಸಿಕೊಳ್ಳಲು ಆಗುವುದಿಲ್ಲ. ಅಂದರೆ ವ್ಯಾಂಕೂವರ್‌ನಲ್ಲಿ ತಪ್ಪಿದರೆ ಇಡೀ ವಾರ ಹೋಯಿತು ಅಂತಲೇ ಅರ್ಥ.

ದಕ್ಷಿಣಕ್ಕೆ ಬರುವ ಹಡಗಿಗೆ ಈ ಕಷ್ಟ ಇಲ್ಲ. ವಿಟ್ಟಿಯರ್‌ನಲ್ಲಿ ತಪ್ಪಿದವರು ಜೂನೋದಲ್ಲಿ ಹತ್ತಿ ವ್ಯಾಂಕೂವರ್‌ನಲ್ಲಿ ಇಳಿದರೆ ಅಮೆರಿಕದಿಂದ ಕೆನಡಾಕ್ಕೆ ಹೋದ ಹಾಗಾಯಿತು. ಈ ಕಾನೂನಿನ ತಕರಾರಿಲ್ಲ. ಜೊತೆಗೆ ಕೊನೆಗೆ ಇಳಿಯುವುದು ವ್ಯಾಂಕೂವರ್‌ನಲ್ಲಿ. ಅಲ್ಲಿಂದ ಯಾವ ದಿಕ್ಕಿಗಾದರೂ ದಿನಕ್ಕೆ ಹಲವು ವಿಮಾನ. ಕೋಣೆ ಎರಡು ದಿಕ್ಕಿನಲ್ಲೂ ಸಿಗುವ ಹಾಗಿದ್ದರೆ, ವಯಸ್ಸಾದವರನ್ನು ಕರೆದುಕೊಂಡು ಹೋಗುವಾಗ ನಾನು ದಕ್ಷಿಣದ ದಿಕ್ಕನ್ನೇ ಆರಿಸುತ್ತೇನೆ. ಟಿಕೆಟ್ ದೃಷ್ಟಿಯಿಂದ ಅದೇ ಹೆಚ್ಚು ಸುರಕ್ಷಿತ. ನಮ್ಮ ಪ್ರಕರಣದಲ್ಲಿ ಆ ಆಯ್ಕೆ ಇರಲಿಲ್ಲ. ಹಾಗಾಗಿ ಒಂದು ವಿಷಯ ಮೊದಲೇ ನಿರ್ಧಾರವಾಯಿತು: ಹಡಗು ಹೊರಡುವ ಹಿಂದಿನ ದಿನ ಮಧ್ಯಾಹ್ನದೊಳಗೆ ಐದೂ ಜನ ವ್ಯಾಂಕೂವರ್‌ನಲ್ಲಿ ಇರಬೇಕು. ಹೋಟೆಲಿನ ದುಡ್ಡು ಉಳಿಸುವ ಮಾತೇ ಇಲ್ಲ.

ಅಪ್ಪ ಹೇಳಿದ ಹಾಗೆ ಮಾಡಿದ್ದರೆ

ಬೆಂಗಳೂರಿನಿಂದ ವ್ಯಾಂಕೂವರ್, ವಿಟ್ಟಿಯರ್‌ಗೆ ಹತ್ತಿರದ ದೊಡ್ಡ ವಿಮಾನ ನಿಲ್ದಾಣ ಇರುವ ಆಂಕರೇಜ್‌ನಿಂದ ಬೆಂಗಳೂರು. ಒಂದೇ ಟಿಕೆಟ್ಟಿನಲ್ಲಿ ಹೋಗುವ ಊರು ಒಂದು, ಹೊರಡುವ ಊರು ಇನ್ನೊಂದು ಇದ್ದರೆ ಅದಕ್ಕೆ ಟ್ರಾವೆಲ್ ಏಜೆಂಟರು ಓಪನ್ ಜಾ ಅನ್ನುತ್ತಾರೆ. ವೆಬ್‌ಸೈಟಿನಲ್ಲಿ 'ಮಲ್ಟಿ-ಸಿಟಿ' ಒತ್ತಿದರೆ ಸಿಗುತ್ತದೆ.

ದೂರದ ಪ್ರಯಾಣಕ್ಕೆ ಓಪನ್ ಜಾ ಬಹಳ ಮುಖ್ಯ. ಖಂಡ ದಾಟುವ ವಿಮಾನಗಳಲ್ಲಿ ಒಂದೇ ಕಡೆಯ ಟಿಕೆಟ್ ಅಂದರೆ ಹೋಗಿಬರುವ ಟಿಕೆಟ್ಟಿನ ಅರ್ಧ ಬೆಲೆ ಅಂತ ಸಾಮಾನ್ಯವಾಗಿ ಇರುವುದಿಲ್ಲ. ಹೋಗಿಬರುವುದಕ್ಕೆ 100 ಆದರೆ, ಒಂದು ಕಡೆಗೆ 65, 70 ಅನ್ನುವ ಹಾಗೆ ಇರುತ್ತದೆ. ಎರಡು ಬಿಡಿ ಟಿಕೆಟ್ ತೆಗೆದರೆ 130, 140ಕ್ಕೆ ಹೋಗುತ್ತದೆ. ಓಪನ್ ಜಾದಲ್ಲಿ ಪ್ರತಿ ದಿಕ್ಕಿಗೂ ಹೋಗಿಬರುವ ದರದ ಅರ್ಧ ಹಾಕುತ್ತಾರೆ. ಹಾಗಾಗಿ ಮೊತ್ತ 100ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಇವು ಸುಮ್ನೆ ಲೆಕ್ಕ ಅರ್ಥವಾಗಲಿ ಅಂತ ಕೊಟ್ಟ ಅಂಕಿಗಳು. ನಿಜವಾದ ದರ ದಿನದಿನಕ್ಕೂ ಬದಲಾಗುತ್ತದೆ, ಆದರೆ ಅದರ ಸ್ವಭಾವ ಹೀಗೇ. ಅಕ್ಕನ ಮನೆಯೇ ಇಲ್ಲದೆ, ಬೆಂಗಳೂರಿನಿಂದ ಬರೀ ಕ್ರೂಸ್‌ಗೆ ಅಂತ ಹೋಗುವವರಿದ್ದರೆ ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತಿದ್ದೆ. ಬೇಸಿಗೆಯಲ್ಲಿ ಕಾಂಡೋರ್ ಕಂಪನಿಯ ವಿಮಾನ ಆಂಕರೇಜ್‌ನಿಂದ ಫ್ರಾಂಕ್‌ಫರ್ಟ್‌ಗೆ ನೇರ ಹೋಗುತ್ತದೆ. ಅದಿಲ್ಲದ ದಿನ ಸಿಯಾಟಲ್ ಮೇಲಿಂದ ಬರಬೇಕು.

ನಮ್ಮ ಅಪ್ಪ-ಅಮ್ಮನಿಗೆ ಇದನ್ನು ಬೇಡ ಅಂದೆ. ಕಾರಣಗಳಲ್ಲಿ ಮೊದಲನೆಯದು ವೀಸಾ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಕೆನಡಾದ ವೀಸಾ ಬೇಕು, ಅಮೆರಿಕದ ವೀಸಾ ಇದ್ದರೂ ಬೇಕು. 2022ರ ಏಪ್ರಿಲ್‌ನಿಂದ ಗ್ರೀನ್ ಕಾರ್ಡ್ ಇರುವವರು ಪಾಸ್‌ಪೋರ್ಟ್ ಮತ್ತು ಕಾರ್ಡ್ ತೋರಿಸಿದರೆ ಸಾಕು, ಮಗುವಿಗೂ ವೀಸಾ ಬೇಡ. ಐದು ಜನರಲ್ಲಿ ಅರ್ಜಿ ಹಾಕಬೇಕಾದವರು ಅಪ್ಪ-ಅಮ್ಮ ಇಬ್ಬರೇ. ತಲಾ 100 ಕೆನಡಾ ಡಾಲರ್ ವೀಸಾ ಶುಲ್ಕ, 85 ಬೆರಳಚ್ಚಿಗೆ. ದುಡ್ಡಿಗಿಂತ ದೊಡ್ಡದು ಕಾಯುವ ಕೆಲಸ. ಯಾವಾಗ ಬರುತ್ತದೆ ಅಂತ ಯಾರೂ ಬರೆದುಕೊಡುವುದಿಲ್ಲ. ಬೆಂಗಳೂರು-ವ್ಯಾಂಕೂವರ್ ಟಿಕೆಟ್ ತೆಗೆದು ವೀಸಾ ಬರದೆ ಹೋದರೆ ಹಡಗೂ ಇಲ್ಲ, ಮಗಳ ಮನೆಯೂ ಇಲ್ಲ. ಬೆಂಗಳೂರು-ಸ್ಯಾನ್ ಫ್ರಾನ್ಸಿಸ್ಕೋ ಟಿಕೆಟ್ ಆದರೆ ಹಡಗು ತಪ್ಪಿದರೂ ಮೊಮ್ಮಗಳ ಜೊತೆಗಿನ ರಜೆ ಉಳಿಯುತ್ತದೆ.

ಇನ್ನೊಂದು ಕಾರಣ ಸಾಮಾನು. ಅಮೆರಿಕಕ್ಕೆ ಹೋಗುವ ಟಿಕೆಟ್ಟಿನಲ್ಲಿ ತಲಾ 23 ಕೆಜಿಯ ಎರಡು ಸೂಟ್‌ಕೇಸ್ ಸಾಮಾನ್ಯ. ಅಮ್ಮ ಅದರಲ್ಲಿ ಒಂದು ಗ್ರಾಂ ಜಾಗವನ್ನೂ ಖಾಲಿ ಬಿಡುವವರಲ್ಲ. ಚಟ್ನಿಪುಡಿ, ಹುರಿಹಿಟ್ಟು, ಮೊಮ್ಮಗಳಿಗೆ ಲಂಗ. ಅಷ್ಟನ್ನೂ ಎಳೆದುಕೊಂಡು ಹಡಗಿನ ಸಣ್ಣ ಕೋಣೆಗೆ ಹೋಗುವುದು, ಮತ್ತೆ ಅಲಾಸ್ಕಾದಿಂದ ಒಳದೇಶದ ವಿಮಾನ ಬೇರೆ ಟಿಕೆಟ್ ಆದರೆ ಪ್ರತಿ ಚೀಲಕ್ಕೂ ದುಡ್ಡು ಕಟ್ಟುವುದು. ಫ್ರೀಮಾಂಟ್‌ನಲ್ಲಿ ಎಲ್ಲ ಇಳಿಸಿ, ಕ್ರೂಸ್‌ಗೆ ತಲಾ ಒಂದು ಚಿಕ್ಕ ಪೆಟ್ಟಿಗೆ ತಗೊಂಡು ಹೋಗುವುದು ಎಷ್ಟೋ ವಾಸಿ. ಹನ್ನೆರಡೂವರೆ ಗಂಟೆ ಹಿಂದೆ ಬಿದ್ದ ಗಡಿಯಾರಕ್ಕೆ ಮೈ ಹೊಂದಿಕೊಳ್ಳಲೂ ಸಮಯ ಸಿಗುತ್ತದೆ.

ಹಾಗಾಗಿ ಅಪ್ಪ-ಅಮ್ಮನಿಗೆ ಬೆಂಗಳೂರು-ಸ್ಯಾನ್ ಫ್ರಾನ್ಸಿಸ್ಕೋ ಹೋಗಿಬರುವ ಮಾಮೂಲಿ ಟಿಕೆಟ್. ಹೋಗುವುದು ಹಡಗಿಗೆ ಮೂರು ವಾರ ಮುಂಚೆ, ವಾಪಸ್ ಬರುವುದು ಹಡಗಿನಿಂದ ಇಳಿದ ಎಷ್ಟೋ ದಿನದ ಮೇಲೆ. ಅಲ್ಲಿಂದ ಮುಂದೆ ಐದೂ ಜನರಿಗೆ ಒಂದೇ ಸಮಸ್ಯೆ: ಸ್ಯಾನ್ ಫ್ರಾನ್ಸಿಸ್ಕೋದಿಂದ ವ್ಯಾಂಕೂವರ್‌ಗೆ, ಆಂಕರೇಜ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ.

ಒಂದೇ ಟಿಕೆಟ್ಟೋ, ಎರಡು ಬಿಡಿ ಟಿಕೆಟ್ಟೋ

ಭಾವ ಮಲ್ಟಿ-ಸಿಟಿಯಲ್ಲಿ ಎರಡನ್ನೂ ಸೇರಿಸಿ ಹುಡುಕಿದರು. ನಾನು ಎರಡನ್ನೂ ಬಿಡಿಬಿಡಿಯಾಗಿ ಹುಡುಕಿದೆ. ಮೊತ್ತದಲ್ಲಿ ಹೇಳಿಕೊಳ್ಳುವಷ್ಟು ವ್ಯತ್ಯಾಸ ಬರಲಿಲ್ಲ. ಉತ್ತರ ಅಮೆರಿಕದೊಳಗೆ ಒಂದು ಕಡೆಯ ಟಿಕೆಟ್ ಹೆಚ್ಚಾಗಿ ಅರ್ಧ ಬೆಲೆಗೇ ಸಿಗುತ್ತದೆ. ಖಂಡ ದಾಟುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

"ಒಂದೇ ಟಿಕೆಟ್ ಆದ್ರೆ ಜವಾಬ್ದಾರಿ ಅವರದ್ದಾಗುತ್ತಲ್ಲ, ಅದೇ ವಾಸಿ," ಅಂದರು ಭಾವ.

ಈ ಮಾತು ಅರ್ಧ ನಿಜ. ಒಂದೇ ಟಿಕೆಟ್ಟಿನ ದೊಡ್ಡ ಲಾಭ ಇರುವುದು ವಿಮಾನದಿಂದ ವಿಮಾನಕ್ಕೆ ಬದಲಾಯಿಸುವಾಗ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಕಂಪನಿಯವರು ಮುಂದಿನದರಲ್ಲಿ ಕೂರಿಸುತ್ತಾರೆ, ಚೀಲವೂ ಜೊತೆಗೆ ಬರುತ್ತದೆ. ಅದಕ್ಕೇ ಒಂದೇ ದಿನ ಒಂದರಿಂದ ಒಂದಕ್ಕೆ ಹತ್ತುವ ವಿಮಾನಗಳನ್ನು ಬಿಡಿಬಿಡಿಯಾಗಿ ತೆಗೆಯಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಆದರೆ ಇಲ್ಲಿ ಎರಡು ವಿಮಾನಗಳ ನಡುವೆ ಏಳು ರಾತ್ರಿಯ ಹಡಗು ಇದೆ. ಹೋಗುವ ವಿಮಾನ ಆರು ಗಂಟೆ ತಡವಾದರೆ ಬರುವ ವಿಮಾನಕ್ಕೆ ಏನೂ ಆಗುವುದಿಲ್ಲ. ಹಡಗು ತಡವಾದರೆ ಅದಕ್ಕೆ ವಿಮಾನದವರು ಹೊಣೆಯಲ್ಲ. ಒಂದೇ ಟಿಕೆಟ್ಟಿನಿಂದ ಸಿಗುವ ರಕ್ಷಣೆ ಇಲ್ಲಿ ಏನೂ ಇಲ್ಲ.

ನಷ್ಟ ಮಾತ್ರ ಇದೆ. ಟಿಕೆಟ್ಟಿನ ಮೊದಲ ವಿಮಾನ ಹತ್ತದೆ ಬಿಟ್ಟರೆ ಉಳಿದದ್ದೆಲ್ಲ ತಾನಾಗಿ ರದ್ದಾಗುತ್ತದೆ. ಹೋಗುವ ದಿನ ಮಗುವಿಗೆ ಜ್ವರ ಬಂದು, ಅಕ್ಕ ಮರುದಿನ ಬೇರೆ ವಿಮಾನದಲ್ಲಿ ಹೋದಳು ಅಂದುಕೊಳ್ಳಿ. ಕಂಪನಿಗೆ ಮೊದಲೇ ಹೇಳಿ ಬದಲಾಯಿಸಿಕೊಳ್ಳದಿದ್ದರೆ ಆಂಕರೇಜ್‌ನಲ್ಲಿ ಅವಳ ಸೀಟೇ ಇರುವುದಿಲ್ಲ. ಬಿಡಿ ಟಿಕೆಟ್ ಆದರೆ ಒಂದು ಕೈಕೊಟ್ಟರೂ ಇನ್ನೊಂದು ನಿಲ್ಲುತ್ತದೆ.

ಇದೇ ನಿಯಮದಿಂದ ಭಾವನ ಇನ್ನೊಂದು ಯೋಚನೆಯನ್ನೂ ಬಿಡಬೇಕಾಯಿತು. ಸ್ಯಾನ್ ಫ್ರಾನ್ಸಿಸ್ಕೋ-ಆಂಕರೇಜ್ ಹೋಗಿಬರುವ ಟಿಕೆಟ್ ಒಂದು ದಿನ ಅಗ್ಗಕ್ಕೆ ಕಂಡಿತು. ಅದನ್ನು ತಗೊಂಡು ಬರುವ ಅರ್ಧ ಮಾತ್ರ ಬಳಸಿದರೆ ಹೇಗೆ ಅಂತ ಕೇಳಿದರು. ಹಾಗೆ ಆಗುವುದೇ ಇಲ್ಲ. ಹೋಗುವ ಅರ್ಧ ಬಿಟ್ಟ ತಕ್ಷಣ ಬರುವ ಅರ್ಧವೂ ಹೋಗುತ್ತದೆ.

ಹಡಗಿನ ಕಂಪನಿಗಳೇ ವಿಮಾನದ ಟಿಕೆಟ್ ಮಾರುತ್ತವೆ. ಪ್ರಿನ್ಸೆಸ್‌ನವರದು ಈಝೀಏರ್, ರಾಯಲ್ ಕೆರಿಬಿಯನ್‌ನವರದು ಏರ್‌ಟುಸೀ. ಇವುಗಳಲ್ಲಿ ಎರಡು ತುದಿಯ ಊರು ಬೇರೆಯಾದರೂ ತೊಂದರೆ ಇಲ್ಲ. ವಿಮಾನ ತಡವಾದರೆ ಹಡಗು ಹಿಡಿಸಲು ಅವರೂ ಓಡಾಡುತ್ತಾರೆ. ಆದರೆ ಆ ಭರವಸೆಯ ಮುಖ್ಯ ಭಾಗ, ಅಂದರೆ ಮುಂದಿನ ಬಂದರಿಗೆ ತಲುಪಿಸುವುದು, ಉತ್ತರಕ್ಕೆ ಹೋಗುವ ಅಲಾಸ್ಕಾ ಹಡಗಿಗೆ ಕೆಲಸಕ್ಕೆ ಬರುವುದಿಲ್ಲ. 1886ರ ಕಾನೂನು ಅವರನ್ನೂ ಕಟ್ಟಿಹಾಕುತ್ತದೆ. ಹಿಂದಿನ ದಿನವೇ ಹೋಗುವವರಿಗೆ ಅದರಿಂದ ಸಿಗುವುದು ಕಡಿಮೆ ಅಂತ ಅನ್ನಿಸಿ ಬಿಟ್ಟೆ.

ಐದು ಜನರಿಗೆ ಹುಡುಕುವ ರೀತಿ

ಒಂದೇ ವಿಮಾನದಲ್ಲಿ ಒಂದೇ ಬಗೆಯ ಸೀಟುಗಳಿಗೆ ಹಲವು ದರ ಇರುತ್ತದೆ. ಅಗ್ಗದ ದರದಲ್ಲಿ ಮೂರು ಸೀಟು ಉಳಿದಿದ್ದು, ನೀವು ಐದು ಕೇಳಿದರೆ, ಬಹಳಷ್ಟು ಸಲ ಐದಕ್ಕೂ ಮೇಲಿನ ದರವೇ ಬರುತ್ತದೆ. ಹಾಗಾಗಿ ಐದಕ್ಕೊಮ್ಮೆ, ಮೂರಕ್ಕೊಮ್ಮೆ, ಎರಡಕ್ಕೊಮ್ಮೆ ಹುಡುಕಿ ನೋಡಬೇಕು. ನಮಗೆ ಹಾಗೆ ಒಡೆದರೆ ಸ್ವಲ್ಪ ಉಳಿಯುತ್ತಿತ್ತು. ಆದರೂ ಒಡೆಯಲಿಲ್ಲ. ಏನಾದರೂ ಏರುಪೇರಾದಾಗ ಕಂಪನಿಯ ಕಂಪ್ಯೂಟರ್ ಒಂದೊಂದು ಪಿಎನ್‌ಆರ್ ಅನ್ನು ಒಂದೊಂದು ಗುಂಪು ಅಂತ ನೋಡುತ್ತದೆ. ಅಪ್ಪ-ಅಮ್ಮನ ಪಿಎನ್‌ಆರ್ ಬೇರೆ ಇದ್ದರೆ ಅವರಿಬ್ಬರನ್ನು ಬೇರೆ ವಿಮಾನಕ್ಕೆ ಹಾಕಿಬಿಡಬಹುದು. ಸಿಯಾಟಲ್ ನಿಲ್ದಾಣದಲ್ಲಿ ಅಮ್ಮ ಮಗಳಿಲ್ಲದೆ ನಿಲ್ಲುವುದು ನನಗೆ ಬೇಕಿರಲಿಲ್ಲ.

ಅಗ್ಗದ 'ಬೇಸಿಕ್' ದರಗಳನ್ನೂ ಮುಟ್ಟಲಿಲ್ಲ. ಬದಲಾಯಿಸಲು ಬಿಡುವುದಿಲ್ಲ, ಪಕ್ಕ ಪಕ್ಕ ಸೀಟು ಸಿಗುವುದು ಕಷ್ಟ. ಹಡಗಿನ ಪ್ರವಾಸಕ್ಕೆ ಅದು ಒಗ್ಗುವುದಿಲ್ಲ.

ಟಿಕೆಟ್ ತೆಗೆಯುವ ದಿನ ಎರಡೂ ತುದಿಯನ್ನು ಒಂದೇ ಕೂತಲ್ಲಿ ಮುಗಿಸಿದೆವು. ಅಮೆರಿಕದಲ್ಲಿ ಒಂದು ಒಳ್ಳೆಯ ನಿಯಮ ಇದೆ. ಹೊರಡಲು ಏಳು ದಿನ ಅಥವಾ ಹೆಚ್ಚು ಇರುವಾಗ ಕಂಪನಿಯಿಂದಲೇ ನೇರವಾಗಿ ತೆಗೆದ ಟಿಕೆಟ್ಟನ್ನು 24 ಗಂಟೆಯೊಳಗೆ ಬಿಟ್ಟುಕೊಡಬಹುದು. ದುಡ್ಡು ಪೂರ್ತಿ ವಾಪಸ್. ಕೆಲವು ಕಂಪನಿಗಳು ಅದರ ಬದಲು ದುಡ್ಡು ಕಟ್ಟುವ ಮೊದಲೇ 24 ಗಂಟೆ ದರ ಹಿಡಿದಿಡುತ್ತವೆ. ಆ ಒಂದು ದಿನದಲ್ಲಿ ಹೆಸರು ಪಾಸ್‌ಪೋರ್ಟಿನಂತೆಯೇ ಇದೆಯಾ, ತಾರೀಖು ಹಡಗಿನ ಕಾಗದದ ಜೊತೆ ಕೂಡುತ್ತದಾ, ಎಲ್ಲ ಒಂದೊಂದಾಗಿ ನೋಡಿದೆವು. ಅಪ್ಪನ ಹೆಸರಿನಲ್ಲಿ ಊರಿನ ಹೆಸರೂ ಸೇರಿ ಉದ್ದ ಇದೆ. ಹಡಗಿನ ಬುಕಿಂಗ್‌ನಲ್ಲಿ ಇನಿಷಿಯಲ್ ಮಾತ್ರ ಇತ್ತು. ಅದನ್ನು ಅಂದೇ ಸರಿಪಡಿಸಿಸಿದೆವು.

ಕೊನೆಯ ತುದಿ

ನನ್ನ ಅಭಿಪ್ರಾಯದಲ್ಲಿ ಇಂಥ ಪ್ರವಾಸದಲ್ಲಿ ಮೊದಲು ಆರಿಸಬೇಕಾದ್ದು ಬರುವ ವಿಮಾನ. ಹೋಗುವ ಕಡೆ ಕೈಯಲ್ಲಿ ಒಂದು ದಿನ ಇಟ್ಟುಕೊಂಡರೆ ಸಾಕು. ಸ್ಯಾನ್ ಫ್ರಾನ್ಸಿಸ್ಕೋದಿಂದ ವ್ಯಾಂಕೂವರ್‌ಗೆ ಎರಡೂಕಾಲು-ಎರಡೂವರೆ ಗಂಟೆಯ ಹಾರಾಟ, ಯುನೈಟೆಡ್ ಮತ್ತು ಏರ್ ಕೆನಡಾ ಎರಡರಲ್ಲೂ ನೇರ ವಿಮಾನಗಳಿವೆ. ಬರುವ ಕಡೆ ಹಾಗಲ್ಲ. ಅಲ್ಲಿ ಗಂಟೆಗಂಟೆಯ ಲೆಕ್ಕ.

ವಿಟ್ಟಿಯರ್ ಬೆಟ್ಟಗಳ ನಡುವಿನ ಪುಟ್ಟ ಊರು. ಆಂಕರೇಜ್‌ಗೆ ಸುಮಾರು 95 ಕಿಲೋಮೀಟರ್. ಹೊರಗೆ ಬರುವ ರಸ್ತೆ ಒಂದೇ, ಅದೂ ಆಂಟನ್ ಆ್ಯಂಡರ್ಸನ್ ಸುರಂಗದೊಳಗಿಂದ. ನಾಲ್ಕು ಕಿಲೋಮೀಟರ್ ಉದ್ದದ ಈ ಸುರಂಗದಲ್ಲಿ ಒಂದೇ ಸಾಲು. ಅದೇ ಸಾಲಿನಲ್ಲಿ ರೈಲೂ ಹೋಗಬೇಕು, ಬಸ್ಸೂ ಹೋಗಬೇಕು. ಮೊದಲು ರೈಲಿಗೆ ಮಾತ್ರ ಇದ್ದದ್ದನ್ನು 2000ದಲ್ಲಿ ವಾಹನಗಳಿಗೂ ತೆರೆದರು. ಆಂಕರೇಜ್ ಕಡೆಗೆ ಹೊರಡುವ ವಾಹನಗಳನ್ನು ಪ್ರತಿ ಗಂಟೆಗೊಮ್ಮೆ, ಗಂಟೆ ಹೊಡೆಯುವ ಹೊತ್ತಿಗೆ ಬಿಡುತ್ತಾರೆ. ಎದುರಿನವರನ್ನು ಅರ್ಧ ಗಂಟೆಗೆ. ಎಂಟರ ಸರದಿ ತಪ್ಪಿದರೆ ಒಂಬತ್ತರವರೆಗೆ ಕಾಯಬೇಕು. ಸುರಂಗ ದಾಟಿದ ಮೇಲೆ ಟರ್ನಗೇನ್ ಆರ್ಮ್ ಕೊಲ್ಲಿಯ ಅಂಚಿನಲ್ಲಿ ಸೀವರ್ಡ್ ಹೆದ್ದಾರಿ. ನೋಡಲು ಕಣ್ಣು ಸಾಲದು. ಆದರೆ ಅಲ್ಲೊಂದು ಅಪಘಾತವಾದರೆ ಸುತ್ತಿಕೊಂಡು ಹೋಗಲು ಬೇರೆ ರಸ್ತೆ ಇಲ್ಲ. ಸೀವರ್ಡ್‌ನಲ್ಲಿ ಇಳಿಯುವವರಿಗೆ ಸುರಂಗ ಇಲ್ಲ, ಆದರೆ ದೂರ 200 ಕಿಲೋಮೀಟರ್ ದಾಟುತ್ತದೆ, ಎರಡೂವರೆ ಗಂಟೆ ಬೇಕು. ಸಂಜೆ ಆರಕ್ಕೆ ಸೀವರ್ಡ್ ಬಿಡುವ ಅಲಾಸ್ಕಾ ರೈಲ್‌ರೋಡ್‌ನ ಕೋಸ್ಟಲ್ ಕ್ಲಾಸಿಕ್ ರೈಲು ರಾತ್ರಿ ಹತ್ತು ದಾಟಿದ ಮೇಲೆ ಆಂಕರೇಜ್ ಸೇರುತ್ತದೆ. ಅದನ್ನು ನಂಬಿ ಅದೇ ದಿನ ವಿಮಾನ ತೆಗೆಯುವುದಾದರೆ ನಡುರಾತ್ರಿಯದೇ ಗತಿ.

ಆಂಕರೇಜ್‌ನಿಂದ ನಡುರಾತ್ರಿ ಹೊರಟು ಬೆಳಗ್ಗೆ ಸಿಯಾಟಲ್ ಸೇರುವ ವಿಮಾನಗಳು ಬೇಸಿಗೆಯಲ್ಲಿ ಜಾಸ್ತಿ. ದರವೂ ಕಡಿಮೆ ಕಾಣುತ್ತದೆ. ವಯಸ್ಸಾದವರಿಗೆ ಬೇಡ ಅಂತ ಬಿಟ್ಟೆ. ಬೆಳಗ್ಗೆ ಎಂಟೊಂಬತ್ತರೊಳಗೆ ಹಡಗಿನಿಂದ ಇಳಿಸಿಬಿಡುತ್ತಾರೆ. ಅಲ್ಲಿಂದ ನಡುರಾತ್ರಿಯವರೆಗೆ ಮಂಡಿ ನೋವಿನವರನ್ನು ಎಲ್ಲಿ ಕೂರಿಸುವುದು? ಮಧ್ಯಾಹ್ನ 2.50ರ ವಿಮಾನ ಸಿಕ್ಕಿತು, ನೇರ ಸ್ಯಾನ್ ಫ್ರಾನ್ಸಿಸ್ಕೋಗೆ. ಅದನ್ನು ಹಿಡಿದೆವು.

ಹಡಗು ಹೊರಡಲು ಇನ್ನೂ ಎರಡು ತಿಂಗಳಿರುವಾಗ ಒಂದು ಇಮೇಲ್ ಬಂತು. ವೇಳಾಪಟ್ಟಿ ಬದಲಾಗಿದೆ, ಆ ವಿಮಾನ ಈಗ ಬೆಳಗ್ಗೆ 11.15ಕ್ಕೆ ಹೊರಡುತ್ತದೆ. ಕೆಳಗೆ 'ಒಪ್ಪಿಗೆ' ಅಂತ ಒತ್ತಲು ಒಂದು ಬಟನ್.

ಅಕ್ಕ ಫೋನ್ ಮಾಡಿದಳು. "ಹನ್ನೊಂದೂಕಾಲು ಅಂದ್ರೆ ಆಗುತ್ತಲ್ವೇನೋ? ಹಡಗು ರಾತ್ರಿನೇ ಬಂದು ನಿಂತಿರುತ್ತಂತೆ."

"ಒತ್ತಬೇಡ ಅಕ್ಕ, ಸ್ವಲ್ಪ ತಡಿ," ಅಂದೆ.

ಇಬ್ಬರೂ ಕೂತು ಲೆಕ್ಕ ಹಾಕಿದೆವು. ನಮ್ಮ ಗುಂಪನ್ನು ಏಳೂವರೆಗೆ ಇಳಿಸಿದರು ಅಂತ ಇಟ್ಟುಕೊಳ್ಳೋಣ. ಪೆಟ್ಟಿಗೆ ಹುಡುಕಿ ಬಸ್ ಹತ್ತುವ ಹೊತ್ತಿಗೆ ಎಂಟರ ಸುರಂಗ ಸಿಗುವುದು ಅನುಮಾನ. ಒಂಬತ್ತಕ್ಕೆ ಸುರಂಗ ಅಂದರೆ ವಿಮಾನ ನಿಲ್ದಾಣಕ್ಕೆ ಹತ್ತೂಕಾಲು. ಒಳದೇಶದ ವಿಮಾನಗಳಿಗೆ ಚೀಲ ತೆಗೆದುಕೊಳ್ಳುವುದನ್ನು ಹೊರಡುವ 40-45 ನಿಮಿಷ ಮುಂಚೆ ನಿಲ್ಲಿಸುತ್ತಾರೆ. ಅಂದರೆ ಹತ್ತೂವರೆ. ಐದು ಜನ, ಐದು ಪೆಟ್ಟಿಗೆ, ಒಂದು ವೀಲ್‌ಚೇರ್, ಹದಿನೈದು ನಿಮಿಷ. ಸುರಂಗದ ಬಾಗಿಲಲ್ಲಿ ಒಂದು ರೈಲು ಅಡ್ಡ ಬಂದರೆ ಅದೂ ಇಲ್ಲ.

ಇಲ್ಲಿ ನಮ್ಮ ಕೈ ಹಿಡಿದದ್ದು ಅಮೆರಿಕದ ಸಾರಿಗೆ ಇಲಾಖೆಯ 2024ರ ನಿಯಮ. ಒಳದೇಶದ ವಿಮಾನ ಮೂರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಮುಂಚೆ ಹೊರಡುವ ಹಾಗಾದರೆ, ಇಲ್ಲವೇ ಅಷ್ಟೇ ತಡವಾಗಿ ಸೇರುವ ಹಾಗಾದರೆ, ಪ್ರಯಾಣಿಕ ಆ ಬದಲಾವಣೆ ಬೇಡ ಅನ್ನಬಹುದು. ಆಗ ದುಡ್ಡು ಪೂರ್ತಿ ವಾಪಸ್ ಕೊಡಬೇಕು, ಟಿಕೆಟ್ ಎಂಥದ್ದೇ ಆಗಿರಲಿ. ದೇಶ ದಾಟುವ ವಿಮಾನಕ್ಕೆ ಈ ಮಿತಿ ಆರು ಗಂಟೆ. ನಮ್ಮದು ಮೂರು ಗಂಟೆ ಮೂವತ್ತೈದು ನಿಮಿಷ ಹಿಂದಕ್ಕೆ ಬಂದಿತ್ತು. 'ಒಪ್ಪಿಗೆ' ಒತ್ತಿದ್ದರೆ ಆ ಹಕ್ಕು ಹೋಗುತ್ತಿತ್ತು. ಹಾಗಾಗಿ ಇಂಥ ಇಮೇಲ್ ಬಂದಾಗ ಆತುರ ಬೇಡ, ಮೊದಲು ಎರಡು ಸಮಯಗಳ ನಡುವಿನ ಅಂತರ ಲೆಕ್ಕ ಹಾಕಿ.

ಮೊದಲು ಬೇರೆ ವಿಮಾನ ಹಿಡಿದು, ಆಮೇಲೆ ಇದನ್ನು ಬಿಟ್ಟೆವು. ಈ ಕ್ರಮ ತಿರುಗುಮುರುಗಾಗಬಾರದು. ಸಿಕ್ಕಿದ್ದು ಮಧ್ಯಾಹ್ನ ಮೂರೂವರೆಗೆ ಹೊರಟು ಸಿಯಾಟಲ್‌ನಲ್ಲಿ ಬದಲಾಯಿಸುವ ಬೇರೆ ಕಂಪನಿಯ ಟಿಕೆಟ್. ಎರಡೂ ಹಾರಾಟ ಒಂದೇ ಟಿಕೆಟ್ಟಿನಲ್ಲಿ, ನಡುವೆ ಎರಡು ಗಂಟೆಗೂ ಹೆಚ್ಚು ಸಮಯ. ಮೊದಲಿನದಕ್ಕಿಂತ ದುಬಾರಿ ಆಯಿತು. ಹೋಗುವ ಟಿಕೆಟ್ ಮಾತ್ರ ಇದ್ದ ಹಾಗೇ ಇತ್ತು. ಎರಡೂ ಒಂದೇ ಟಿಕೆಟ್ ಆಗಿದ್ದರೆ ಎರಡು ತುದಿಯನ್ನೂ ಬಿಚ್ಚಿ ಮತ್ತೆ ಕಟ್ಟುವ ಮಾತುಕತೆ ನಡೆಸಬೇಕಿತ್ತು. ಭಾವ ಆಮೇಲೆ ಮಲ್ಟಿ-ಸಿಟಿ ಮಾತು ಎತ್ತಲಿಲ್ಲ.

ಕೌಂಟರಿನಲ್ಲಿ ಕೇಳುವ ಪ್ರಶ್ನೆ

ಕೆನಡಾ ವೀಸಾ ಹೊರಡುವ ಮೊದಲೇ ಬಂತು. ಬೆರಳಚ್ಚು ಬೆಂಗಳೂರಿನಲ್ಲೇ ಮುಗಿದಿತ್ತು. ಬೇರೆ ದೇಶದಲ್ಲಿ ಕೂತು ಪಾಸ್‌ಪೋರ್ಟ್ ಕಳಿಸುವ ತಾಪತ್ರಯ ಇರಲಿಲ್ಲ. ಅಮೆರಿಕಕ್ಕೆ ಹೋದ ಮೇಲೆ ಮಾಡಿಸೋಣ ಅಂತ ಬಿಡುವವರಿದ್ದಾರೆ. ಹಾಗೆ ಮಾಡಬೇಡಿ.

ಸ್ಯಾನ್ ಫ್ರಾನ್ಸಿಸ್ಕೋದ ಕೌಂಟರಿನಲ್ಲಿ ಅಪ್ಪ-ಅಮ್ಮನ ಪಾಸ್‌ಪೋರ್ಟ್ ನೋಡಿದ ಹುಡುಗಿ ಕೇಳಿದ್ದು, "ಕೆನಡಾದಿಂದ ಹೊರಗೆ ಹೋಗುವ ಟಿಕೆಟ್ ಎಲ್ಲಿ?" ಒಂದೇ ಕಡೆಯ ಟಿಕೆಟ್ಟಿನಲ್ಲಿ ಹೋಗುವ ವಿಸಿಟರ್‌ಗಳಿಗೆ ಈ ಪ್ರಶ್ನೆ ಬಂದೇ ಬರುತ್ತದೆ ಅಂದುಕೊಂಡು ತಯಾರಾಗಿರಬೇಕು. ಅಕ್ಕ ಹಡಗಿನ ಬೋರ್ಡಿಂಗ್ ಪಾಸ್, ಆಂಕರೇಜ್‌ನಿಂದ ಬರುವ ಟಿಕೆಟ್, ಬೆಂಗಳೂರಿಗೆ ಮರಳುವ ಟಿಕೆಟ್ ಮೂರನ್ನೂ ಕಾಗದದಲ್ಲಿ ಮುದ್ರಿಸಿ ಇಟ್ಟುಕೊಂಡಿದ್ದಳು. ಬಿಡಿ ಟಿಕೆಟ್ ತೆಗೆಯುವುದರ ಬೆಲೆ ಅಂದರೆ ಇದೊಂದೇ. ಪೂರ್ತಿ ದಾರಿ ಯಾವ ಕಂಪ್ಯೂಟರಿನಲ್ಲೂ ಒಟ್ಟಿಗೆ ಕಾಣುವುದಿಲ್ಲ, ನೀವೇ ತೋರಿಸಬೇಕು. ವೀಲ್‌ಚೇರ್‌ಗೆ 48 ಗಂಟೆ ಮುಂಚೆಯೇ ಎರಡೂ ಕಂಪನಿಗೆ ಬೇರೆ ಬೇರೆಯಾಗಿ ಹೇಳಿದ್ದೆವು. ಅದಕ್ಕೆ ದುಡ್ಡಿಲ್ಲ. ಹಡಗಿನವರಿಗೆ ಮತ್ತೆ ಬೇರೆ ಹೇಳಬೇಕು.

ವ್ಯಾಂಕೂವರ್ ನಿಲ್ದಾಣದಿಂದ ಕೆನಡಾ ಲೈನ್ ರೈಲು ವಾಟರ್‌ಫ್ರಂಟ್ ನಿಲ್ದಾಣಕ್ಕೆ ಅರ್ಧ ಗಂಟೆಯೊಳಗೆ ತಲುಪಿಸುತ್ತದೆ. ಹಡಗು ನಿಲ್ಲುವ ಕೆನಡಾ ಪ್ಲೇಸ್ ಅಲ್ಲಿಂದ ನಡೆಯುವಷ್ಟು ಹತ್ತಿರ. ರಾತ್ರಿ ರಿಚ್ಮಂಡ್‌ನಲ್ಲಿ, ಅದೇ ರೈಲಿನ ದಾರಿಯ ಹೋಟೆಲಿನಲ್ಲಿ ಉಳಿದರು. ಊರಿನ ನಡುವಿಗಿಂತ ಕಡಿಮೆ ಖರ್ಚು. ಬೆಳಗ್ಗೆ ಪೆಟ್ಟಿಗೆಗಳ ಜೊತೆ ದೊಡ್ಡ ಟ್ಯಾಕ್ಸಿ.

ಕೆನಡಾ ಪ್ಲೇಸ್‌ನಲ್ಲಿ ಹಡಗು ಹತ್ತುವ ಮೊದಲೇ ಅಮೆರಿಕದ ಇಮಿಗ್ರೇಷನ್ ಮುಗಿಯುತ್ತದೆ. ಸಾಲು ಉದ್ದ ಇರಬಹುದು. ಆದರೆ ವಿಟ್ಟಿಯರ್‌ನಲ್ಲಿ ಇಳಿಯುವ ಬೆಳಗ್ಗೆ ಅಮೂಲ್ಯವಾದ ಸಮಯ ಇದರಿಂದ ಉಳಿಯುತ್ತದೆ. ವಿಸಿಟರ್ ವೀಸಾದವರು ಇಲ್ಲಿ ಒಂದು ವಿಷಯ ಗಮನಿಸಬೇಕು. ಕೆನಡಾಕ್ಕೆ 30 ದಿನದೊಳಗೆ ಹೋಗಿಬಂದರೆ ಅಮೆರಿಕದಲ್ಲಿ ಉಳಿಯುವ ಅವಧಿ ಹೊಸದಾಗಿ ಶುರುವಾಗುತ್ತದೆ ಅಂತ ನಂಬಿ ಕೂರಬಾರದು. ಹಳೆಯ ಐ-94ರ (ಅಮೆರಿಕದೊಳಗೆ ಬಿಡುವಾಗ ಎಲ್ಲಿಯವರೆಗೆ ಉಳಿಯಬಹುದು ಅಂತ ಬರೆಯುವ ದಾಖಲೆ) ತಾರೀಖೇ ಮುಂದುವರಿಯಬಹುದು. ಅಪ್ಪ-ಅಮ್ಮ ಬೆಂಗಳೂರಿಗೆ ಮರಳುವ ದಿನವನ್ನು ನಾವು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೊದಲು ಸಿಕ್ಕ ಐ-94ರ ಒಳಗೇ ಇಟ್ಟಿದ್ದೆವು. ಹಡಗಿನಿಂದ ಬಂದ ಮೇಲೆ ಅಕ್ಕ ಇಲಾಖೆಯ ವೆಬ್‌ಸೈಟಿನಲ್ಲಿ ಇಬ್ಬರ ತಾರೀಖನ್ನೂ ಮತ್ತೆ ತೆಗೆದು ನೋಡಿದಳು.

ಇಳಿದ ದಿನ ಬಸ್ಸಿಗೆ ಒಂಬತ್ತರ ಸುರಂಗವೇ ಸಿಕ್ಕಿತು. ವಿಮಾನ ನಿಲ್ದಾಣಕ್ಕೆ ಹತ್ತೂ ಇಪ್ಪತ್ತಕ್ಕೆ ಬಂದರು. ಮೂರೂವರೆಯ ವಿಮಾನಕ್ಕೆ ಚೀಲ ಕೊಟ್ಟು, ಊಟ ಮಾಡಿ, ಅಮ್ಮ ಒಂದು ನಿದ್ದೆಯನ್ನೂ ಮುಗಿಸಿದರು.